ಕೆಲಸದ ಅನುಭವ ಇಲ್ಲದೆ ಸೈನ್ಸ್ ರೆಸ್ಯೂಮೆಯಲ್ಲಿ ಏನು ಬರೆಯೋದು?

ಪ್ರಶ್ನೆ: ಕೆಮಿಸ್ಟ್ರಿ ಡಿಗ್ರಿ ಮುಗಿಯುತ್ತಾ ಬಂತು. ಲ್ಯಾಬ್ ಅಸಿಸ್ಟೆಂಟ್ ಕೆಲಸಕ್ಕೆ ಅರ್ಜಿ ಹಾಕಬೇಕು. ಎಲ್ಲೂ ಕೆಲಸ ಮಾಡಿಲ್ಲ. ಹೆಸರು, ಓದು, ಅಂಕ ಬರೆದ ಮೇಲೆ ಪುಟ ಖಾಲಿ. ಏನು ತುಂಬಲಿ?

ಉತ್ತರ: ಸಂಬಳ ಬಂದಿಲ್ಲ ಅಷ್ಟೇ, ಇಷ್ಟು ವರ್ಷ ಲ್ಯಾಬ್‌ನಲ್ಲಿ ನಿಂತು ಮಾಡಿದ್ದೂ ಅನುಭವವೇ ಅಲ್ವಾ? ಪ್ರಾಕ್ಟಿಕಲ್ ರೆಕಾರ್ಡ್ ತೆಗೆಯಿರಿ. ನೀವೇ ಕೈಯಾರೆ ಮಾಡಿದ್ದು ಯಾವುದು, ಸುಮ್ನೆ ನಿಂತು ನೋಡಿದ್ದು ಯಾವುದು ಅಂತ ಗುರುತು ಹಾಕಿ. ಟೈಟ್ರೇಷನ್, ರೀಕ್ರಿಸ್ಟಲೈಸೇಷನ್, ಟಿಎಲ್‌ಸಿ (ತೆಳು ಪದರದ ಕ್ರೊಮಟೋಗ್ರಫಿ), ಹೀಗೆ ಮಾಡಿದ್ದನ್ನು ಹೆಸರು ಹಿಡಿದು ಬರೆಯಿರಿ. 'ಲ್ಯಾಬ್ ಕೆಲಸ ಚೆನ್ನಾಗಿ ಗೊತ್ತು' ಅಂದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. 'ಸಾಂದ್ರತೆ ಗೊತ್ತಿರುವ 5 ದ್ರಾವಣ ತಯಾರಿಸಿ, ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಅಬ್ಸಾರ್ಬೆನ್ಸ್ ಅಳೆದು, ಕ್ಯಾಲಿಬ್ರೇಷನ್ ಗ್ರಾಫ್ ಹಾಕಿ, ನೀರಿನ ಮಾದರಿಯಲ್ಲಿದ್ದ ಕಬ್ಬಿಣದ ಪ್ರಮಾಣ ಕಂಡುಹಿಡಿದೆ' ಅಂತ ಬರೆದರೆ ದ್ರಾವಣ ಮಾಡುವುದು, ಉಪಕರಣ ಬಳಸುವುದು, ಲೆಕ್ಕ, ಎಲ್ಲಾ ಬರುತ್ತದೆ ಅಂತ ಅವರಿಗೇ ಗೊತ್ತಾಗುತ್ತದೆ. ಎಚ್‌ಪಿಎಲ್‌ಸಿ (ಮಿಶ್ರಣದಲ್ಲಿರುವುದನ್ನು ಬೇರ್ಪಡಿಸಿ ಅಳೆಯುವ ವಿಧಾನ) ಬೇರೆಯವರು ಮಾಡುವಾಗ ನೋಡಿದ್ದಷ್ಟೇ ಆದರೆ 'ಪರಿಚಯವಿದೆ' ಅಂತಷ್ಟೇ ಹಾಕಿ. ಯಾವ ಕಾಲಂ, ಯಾವ ಮೊಬೈಲ್ ಫೇಸ್ ಅಂತ ಇಂಟರ್ವ್ಯೂನಲ್ಲಿ ಕೇಳಿದರೆ ಸಿಕ್ಕಿಬೀಳುತ್ತೀರಿ.

ಇನ್ನೊಬ್ಬರು: ನಮ್ಮ ಲ್ಯಾಬ್‌ಗೆ ಬರುವ ಅರ್ಜಿಗಳನ್ನು ಮೊದಲು ಓದುವವಳು ನಾನು. ಒಂದೇ ಪುಟ ಸಾಕು. ಓದಿನ ಕೆಳಗೇ ಪ್ರಾಜೆಕ್ಟ್ ಬರಲಿ, ಅದನ್ನೇ ನಾನು ಮೊದಲು ಹುಡುಕುವುದು. ಏನು ತಿಳಿಯಲು ಹೊರಟಿರಿ, ಹೇಗೆ ಮಾಡಿದಿರಿ, ಏನು ಬಂತು, ಇಷ್ಟನ್ನೇ ಮೂರು ನಾಲ್ಕು ಸಾಲಿನಲ್ಲಿ ಹೇಳಿ. ಅಂದುಕೊಂಡ ಫಲಿತಾಂಶ ಬರದಿದ್ದರೂ ಬಿಡಬೇಡಿ. ಯಾಕೆ ಬರಲಿಲ್ಲ ಅಂತ ಒಂದು ಸಾಲು ಬರೆದವರನ್ನು ನಾನು ಖಂಡಿತ ಇಂಟರ್ವ್ಯೂಗೆ ಕರೆಯುತ್ತೇನೆ, ಯಾಕಂದ್ರೆ ಲ್ಯಾಬ್‌ನಲ್ಲಿ ದಿನಾ ಆಗುವುದೇ ಅದು. ಗುಂಪಿನಲ್ಲಿ ಮಾಡಿದ್ದರೆ ನಿಮ್ಮ ಪಾಲು ಯಾವುದು ಅಂತ ಸ್ಪಷ್ಟವಾಗಿರಲಿ. 'ಶ್ರಮಜೀವಿ, ಬೇಗ ಕಲಿಯುತ್ತೇನೆ' ಅನ್ನುವ ಸಾಲುಗಳು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತವೆ, ತೆಗೆದುಬಿಡಿ.

ಮತ್ತೊಬ್ಬರು: ಪ್ರಾಜೆಕ್ಟೇ ಇಲ್ಲದವರೂ ಇರುತ್ತಾರೆ. ಪಬ್‌ಕೆಮ್ ಅನ್ನುವ ಆನ್‌ಲೈನ್ ಡೇಟಾಬೇಸ್‌ನಲ್ಲಿ ರಾಸಾಯನಿಕ ಸಂಯುಕ್ತಗಳ ಮಾಹಿತಿ ಉಚಿತವಾಗಿ ಸಿಗುತ್ತದೆ. ಒಂದು ಚಿಕ್ಕ ಪ್ರಶ್ನೆ ಇಟ್ಟುಕೊಳ್ಳಿ. ಉದಾಹರಣೆಗೆ, ಆಲ್ಕೋಹಾಲ್‌ಗಳಲ್ಲಿ ಕಾರ್ಬನ್ ಸರಪಳಿ ಉದ್ದವಾದ ಹಾಗೆ ಕುದಿಯುವ ಬಿಂದು ಹೇಗೆ ಏರುತ್ತದೆ? ಪೈಥಾನ್ ಅಥವಾ ಆರ್ (R) ಪ್ರೋಗ್ರಾಮಿಂಗ್ ಭಾಷೆಯಲ್ಲಿ ಗ್ರಾಫ್ ಮಾಡಿ, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ಗೆ ಹಾಕಿ, ಲಿಂಕ್ ಕೊಡಿ. ದೊಡ್ಡ ಸಂಶೋಧನೆ ಆಗಬೇಕಿಲ್ಲ, ಡೇಟಾ ಹಿಡಿದು ಕೂರುವ ಅಭ್ಯಾಸ ಇದೆ ಅಂತ ಕಂಡರೆ ಸಾಕು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್! ರೆಫರೆನ್ಸ್‌ಗೆ ಪ್ರಾಜೆಕ್ಟ್ ಗೈಡ್ ಹೆಸರು ಹಾಕಬಹುದಾ?

ಉತ್ತರ: ಹಾಕಿ, ಆದರೆ ಮೊದಲು ಅವರನ್ನು ಕೇಳಿ. ಒಪ್ಪಿದರೆ ನಿಮ್ಮ ರೆಸ್ಯೂಮೆ, ಆ ಕೆಲಸದ ಜಾಹೀರಾತು ಎರಡನ್ನೂ ಕಳಿಸಿ. ಇಲ್ಲಾಂದ್ರೆ ಫೋನ್ ಬಂದಾಗ ಅವರಿಗೆ ನಿಮ್ಮ ಅಂಕ ಬಿಟ್ಟು ಬೇರೇನೂ ಹೇಳಲು ಇರುವುದಿಲ್ಲ.