ಸಮುದ್ರಕ್ಕೆ ಕೊಳಚೆ ಬಿಡುವ ಸಂಸ್ಥೆಯ ರಿಪೋರ್ಟ್ ಓದುವುದು ಹೇಗೆ? (ಆರೆಂಜ್ ಕೌಂಟಿ ಕೇಸ್)

ಪಡುಗಡಲು:
ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ಸ್ಯಾನಿಟೇಶನ್ ಡಿಸ್ಟ್ರಿಕ್ಟ್ 2002ರ ಜುಲೈನಲ್ಲಿ 13-12 ಮತದಿಂದ ಕಡಿಮೆ ಸಂಸ್ಕರಿಸಿದ ಕೊಳಚೆಯನ್ನು ಪೈಪಿನಲ್ಲಿ ಸಮುದ್ರಕ್ಕೆ ಬಿಡಲು ತನಗಿದ್ದ ವಿನಾಯಿತಿಯನ್ನು ತಾನೇ ಕೈಬಿಟ್ಟು, ಪೂರ್ತಿ ಸೆಕೆಂಡರಿ ಸಂಸ್ಕರಣೆಗೆ (ಸೂಕ್ಷ್ಮಜೀವಿಗಳಿಂದ ಕೊಳೆ ತಿನ್ನಿಸುವ ಎರಡನೇ ಹಂತ) ಹೋಗಲು ತೀರ್ಮಾನಿಸಿತು. ಆದರೆ ಹಂಟಿಂಗ್ಟನ್ ಬೀಚ್‌ನ ಬ್ಯಾಕ್ಟೀರಿಯಾ ಆ ಪೈಪಿನಿಂದಲೇ ಬಂದದ್ದು ಅಂತ ಸಾಬೀತಾಗಲಿಲ್ಲವಲ್ಲ? ಹಾಗಿದ್ದರೆ ಅಷ್ಟು ಖರ್ಚು ಯಾಕೆ? ಇನ್ನೊಂದು: ಇಂಥ ಸಂಸ್ಥೆಯ ತಿಂಗಳ ರಿಪೋರ್ಟ್ ಸಿಕ್ಕರೆ ಮೊದಲು ಯಾವ ಅಂಕಿ ನೋಡಬೇಕು? ಶೇಕಡಾ ಲೆಕ್ಕ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಸ್ಲಡ್ಜ್‌ಬೆಡ್:
ಮೊದಲ ಪ್ರಶ್ನೆಗೆ. ಎರಡು ಬೇರೆ ವಿಷಯ ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಿ ನೋಡಿ.

ಅಮೆರಿಕದ 1972ರ ಕ್ಲೀನ್ ವಾಟರ್ ಆಕ್ಟ್ ಪ್ರಕಾರ ಊರಿನ ಕೊಳಚೆಗೆ ಸೆಕೆಂಡರಿ ಸಂಸ್ಕರಣೆ ಕಡ್ಡಾಯ: ತಿಂಗಳ ಸರಾಸರಿಯಲ್ಲಿ ಬಿಒಡಿ (ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) 30, ತೇಲುಕಣ 30 ಮಿಗ್ರಾಂ/ಲೀಟರ್ ಮೀರಬಾರದು, ಜೊತೆಗೆ ಎರಡರಲ್ಲೂ ಶೇ 85 ತೆಗೆದಿರಬೇಕು. ಆಳ ಸಮುದ್ರಕ್ಕೆ ಬಿಡುವವರಿಗೆ 1977ರಲ್ಲಿ ವಿನಾಯಿತಿಯ ದಾರಿ ಮಾಡಿಕೊಟ್ಟರು. ಆರೆಂಜ್ ಕೌಂಟಿ 1985ರಿಂದ ಅದರಡಿಯಲ್ಲಿತ್ತು. ಸುಮಾರು ಅರ್ಧ ನೀರಿಗೆ ಸೆಕೆಂಡರಿ, ಉಳಿದರ್ಧಕ್ಕೆ ಪ್ರೈಮರಿ (ಕೊಳೆಯನ್ನು ತಳಕ್ಕೆ ಕೂರಿಸಿ ತೆಗೆಯುವ ಮೊದಲ ಹಂತ) ಮಾತ್ರ. ಎರಡನ್ನೂ ಬೆರೆಸಿ 120 ಇಂಚಿನ ಪೈಪಿನಲ್ಲಿ ಸುಮಾರು 5 ಮೈಲಿ ಆಚೆ, 200 ಅಡಿ ಆಳದಲ್ಲಿ ಬಿಡುತ್ತಿದ್ದರು. ಪೈಪಿನ ಕೊನೆಯ ಭಾಗ ಡಿಫ್ಯೂಸರ್, ಅಂದರೆ ಸಾಲು ತೂತುಗಳಿಂದ ನೀರು ಚದುರಿ ಉಪ್ಪುನೀರಿಗೆ ಬೆರೆಯುವ ವ್ಯವಸ್ಥೆ.

1999ರ ಬೇಸಿಗೆಯಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದೆ ಅಂತ ಹಂಟಿಂಗ್ಟನ್ ಬೀಚ್ ಮುಚ್ಚಿದ್ದಕ್ಕೆ ಒಂದು ಹಿನ್ನೆಲೆಯಿದೆ. ಅದೇ ವರ್ಷ ರಾಜ್ಯದ ಬಿಗಿ ಮಾನದಂಡ ಜಾರಿಗೆ ಬಂದಿತ್ತು: 100 ಮಿಲೀ ನೀರಿನಲ್ಲಿ ಎಂಟೆರೊಕಾಕಸ್ (ಮಲದ ಸುಳಿವು ಕೊಡುವ ಬ್ಯಾಕ್ಟೀರಿಯಾ) 104 ಮೀರಿದರೆ ಎಚ್ಚರಿಕೆ ಫಲಕ. ಆಮೇಲಿನ ಅಧ್ಯಯನಗಳಲ್ಲಿ ಔಟ್‌ಫಾಲ್‌ನ (ಸಮುದ್ರಕ್ಕೆ ಬಿಡುವ ಆ ಪೈಪಿನ) ನೀರೇ ದಡಕ್ಕೆ ಬರುತ್ತಿದೆ ಎನ್ನಲು ನೇರ ಪುರಾವೆ ಸಿಗಲಿಲ್ಲ. ಟಾಲ್ಬರ್ಟ್ ಜೌಗುಭೂಮಿಯ ಹಕ್ಕಿ ಹಿಕ್ಕೆಯ ಮೇಲೂ ಅನುಮಾನ ಹೋಯಿತು. ಇಷ್ಟಾದರೂ ಮತ ವಿನಾಯಿತಿಯ ವಿರುದ್ಧ ಬಿತ್ತು. ಆ ಬೋರ್ಡಿನಲ್ಲಿ ಕೂತವರು ಹೆಚ್ಚಾಗಿ ಊರುಊರಿನ ಕೌನ್ಸಿಲ್ ಸದಸ್ಯರು. ಅವರ ಮುಂದೆ ಜನ ಇಟ್ಟ ಪ್ರಶ್ನೆ ‘ಬ್ಯಾಕ್ಟೀರಿಯಾ ಯಾರದ್ದು’ ಅಂತಲ್ಲ, ‘ಉಳಿದವರೆಲ್ಲ ಪಾಲಿಸುವ ಕನಿಷ್ಠ ನಿಯಮದಿಂದ ನಿಮಗೆ ಯಾಕೆ ರಿಯಾಯಿತಿ’ ಅಂತ. ನನ್ನ ಪ್ರಕಾರ ಅದೇ ಸರಿಯಾದ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಹುಡುಕುತ್ತ ಕೂತರೆ ಅಧ್ಯಯನದ ಮೇಲೆ ಅಧ್ಯಯನ ನಡೆಯುತ್ತದೆ, ಪೈಪು ಹಾಗೇ ಹರಿಯುತ್ತದೆ. ಪೂರ್ತಿ ಸೆಕೆಂಡರಿ ಮುಟ್ಟಲು ಅವರಿಗೂ 2012 ಆಯಿತು.

ಅಳತೆಗೋಲು:
ಎರಡನೆಯದಕ್ಕೆ. ಶೇಕಡಾ ಲೆಕ್ಕ ಒಂದನ್ನೇ ನಂಬಬೇಡಿ. ಒಳಬರುವ ನೀರಿನಲ್ಲಿ ತೇಲುಕಣ ಲೀಟರ್‌ಗೆ 400 ಮಿಗ್ರಾಂ ಇದ್ದು ಶೇ 85 ತೆಗೆದರೆ ಹೊರಗೆ 60 ಹೋಗುತ್ತದೆ. 200 ಇದ್ದರೆ 30. ಎರಡೂ ‘ಶೇ 85’ ತಾನೇ!

ಬೆರಕೆಯಲ್ಲೂ ಇದೇ ಆಟ. ಸೆಕೆಂಡರಿ ನೀರು 20, ಪ್ರೈಮರಿ ನೀರು 100, ಸಮಪಾಲು ಬೆರೆಸಿದರೆ 60. ಆದ್ದರಿಂದ ಎರಡು ಸಾಲಿನ ಅಂಕಿಯನ್ನೂ ಬೇರೆಬೇರೆಯಾಗಿ ಕೇಳಿ, ಎಷ್ಟು ಎಂಎಲ್‌ಡಿ (ದಿನಕ್ಕೆ ದಶಲಕ್ಷ ಲೀಟರ್) ಯಾವ ಸಾಲಿಗೆ ಹೋಯಿತು ಅಂತಲೂ.

ಮುಖ್ಯವಾಗಿ ತೂಕ ಲೆಕ್ಕ ಹಾಕಿ. ಎಂಎಲ್‌ಡಿಯನ್ನು ಮಿಗ್ರಾಂ/ಲೀಟರ್‌ನಿಂದ ಗುಣಿಸಿದರೆ ನೇರ ದಿನಕ್ಕೆ ಇಷ್ಟು ಕಿಲೋ ಅಂತ ಬರುತ್ತದೆ. 900 ಎಂಎಲ್‌ಡಿ, ತೇಲುಕಣ 30 ಅಂದರೆ ದಿನಕ್ಕೆ 27 ಟನ್. ರಿಪೋರ್ಟ್ ಗ್ಯಾಲನ್‌ನಲ್ಲಿದ್ದರೆ ಎಂಜಿಡಿಯನ್ನು (ದಿನಕ್ಕೆ ದಶಲಕ್ಷ ಗ್ಯಾಲನ್) 3.785ರಿಂದ ಗುಣಿಸಿ, ಎಂಎಲ್‌ಡಿ ಬರುತ್ತದೆ.

ಇದು ಯಾಕೆ ಬೇಕು ಅಂದರೆ, ಆರೆಂಜ್ ಕೌಂಟಿಯಲ್ಲೇ 2008ರಿಂದ ಸೆಕೆಂಡರಿ ನೀರನ್ನು ಮೈಕ್ರೋಫಿಲ್ಟರ್, ಆರ್‌ಒ, ಯುವಿ ದಾಟಿಸಿ ಅಂತರ್ಜಲಕ್ಕೆ ಇಳಿಸುತ್ತಾರೆ. 70 ಎಂಜಿಡಿಯಿಂದ ಶುರುವಾದದ್ದು 2023ಕ್ಕೆ 130. ಆರ್‌ಒ ನೂರಕ್ಕೆ 85 ಪಾಲು ಒಳ್ಳೆ ನೀರು ಕೊಟ್ಟರೆ ಉಳಿದ 15 ಪಾಲಿನಲ್ಲಿ ಉಪ್ಪು, ಕರಗಿದ ರಾಸಾಯನಿಕ ಸುಮಾರು ಆರೂವರೆ ಪಟ್ಟು ಗಟ್ಟಿ. ಅದು ಹೋಗುವುದು ಅದೇ ಪೈಪಿಗೆ. ಹಾಗಾಗಿ ಸಮುದ್ರಕ್ಕೆ ಹೋಗುವ ನೀರು ಕಡಿಮೆಯಾದಂತೆ ಮಿಗ್ರಾಂ ಅಂಕಿ ಏರಬಹುದು, ಕಿಲೋ ಏರದೆ ಇರಬಹುದು. ಬರೀ ಒಂದನ್ನು ನೋಡಿದವರು ಒಂದೋ ಸುಮ್ಮನೆ ಗಾಬರಿಯಾಗುತ್ತಾರೆ, ಇಲ್ಲವೇ ಮೋಸಹೋಗುತ್ತಾರೆ.

ಸ್ಲಡ್ಜ್‌ಬೆಡ್:
ಕ್ಲೋರಿನ್ ವಿಷಯ ಬಿಟ್ಟುಹೋಯಿತು. 2002ರ ಆಗಸ್ಟ್‌ನಿಂದ ಅವರು ಔಟ್‌ಫಾಲ್ ನೀರಿಗೆ ಕ್ಲೋರಿನ್ ಹಾಕತೊಡಗಿದರು. ಜನರಿಗೆ ಸಮಾಧಾನ ಆಗುತ್ತದೆ ನಿಜ, ಆದರೆ ಪ್ರೈಮರಿ ನೀರಿಗೆ ಕ್ಲೋರಿನ್ ಸುರಿಯುವುದು ದುಬಾರಿ ಬಾಬತ್ತು: ಅಮೋನಿಯಾ, ಸಾವಯವ ಕಶ್ಮಲ ಅದನ್ನು ತಿಂದುಹಾಕುತ್ತವೆ, ಕಣದೊಳಗೆ ಕೂತ ಬ್ಯಾಕ್ಟೀರಿಯಾ ಬಚಾವಾಗುತ್ತದೆ. ಉಳಿದ ಕ್ಲೋರಿನ್ ಮೀನಿಗೆ ವಿಷ, ಅದನ್ನು ಸೋಡಿಯಂ ಬೈಸಲ್ಫೈಟ್ ಹಾಕಿ ಕೊಲ್ಲಬೇಕು. ರಿಪೋರ್ಟ್‌ನಲ್ಲಿ ಹಾಕಿದ ಡೋಸ್ ಇದ್ದು, ಡೀಕ್ಲೋರಿನೇಶನ್ ನಂತರ ಎಷ್ಟು ಉಳಿಯಿತು ಅನ್ನುವುದು ಇಲ್ಲದಿದ್ದರೆ ಅರ್ಧ ಕಥೆ ಅಷ್ಟೇ.

ದುರಸ್ತಿ ಕಾಲದ ಯೋಜನೆಯನ್ನೂ ಕೇಳಬೇಕು. 2012ರಲ್ಲಿ ಉದ್ದದ ಪೈಪಿನ ರಿಪೇರಿಗೆ ಅಂತ ಮೂರು ವಾರ ದಡದಿಂದ 1 ಮೈಲಿಯ 78 ಇಂಚಿನ ಹಳೆ ಪೈಪಿಗೆ ನೀರು ತಿರುಗಿಸಿದ್ದರು. ಅಷ್ಟು ಹತ್ತಿರ ಬಿಡುವಾಗ 5 ಮೈಲಿಯ ದೂರವಾಗಲಿ 200 ಅಡಿ ಆಳವಾಗಲಿ ಕಾಪಾಡುವುದಿಲ್ಲ.

ನೇತ್ರಾವತಿ_ದಂಡೆ:
ನಮ್ಮ ಕಡೆಗೆ ಇದನ್ನು ಹೊಂದಿಸುವುದು ಹೇಗೆ? ಮುಂಬೈಯ ವರ್ಳಿ, ಬಾಂದ್ರಾ ಔಟ್‌ಫಾಲ್‌ಗಳು 3.4, 3.7 ಕಿಮೀ ಉದ್ದ. ವರ್ಷಗಟ್ಟಲೆ ಅವುಗಳಿಗೆ ಹೋದದ್ದು ಜಾಲರಿ ಹಾಯಿಸಿ ಮರಳು ತೆಗೆದ ನೀರು ಅಷ್ಟೇ. ಜನ ಎಲ್ಲಿ ಹೋಗಿ ಕೇಳಬೇಕು?

ಅಳತೆಗೋಲು:
ನೀವು ಕರಾವಳಿಯವರಾದರೂ ಮುಂಬೈಯವರಾದರೂ ದಾರಿ ಒಂದೇ. 1974ರ ಜಲ ಕಾಯ್ದೆಯ 25(6) ಓದಿ. ಮಾಲಿನ್ಯ ನಿಯಂತ್ರಣ ಮಂಡಳಿ ತಾನು ಹಾಕಿದ ಷರತ್ತುಗಳ ರಿಜಿಸ್ಟರ್ ಇಡಲೇಬೇಕು, ಆ ಔಟ್‌ಲೆಟ್‌ನಿಂದ ಬಾಧಿತರು ಬಂದು ನೋಡಬಹುದು. ಮೊದಲು ಆ ಷರತ್ತು ಕೈಗೆ ಬರಲಿ. ಆಮೇಲೆ ಆರ್‌ಟಿಐ, 30 ದಿನದ ಗಡುವು. ‘ಸಮುದ್ರ ಮಾಲಿನ್ಯದ ಬಗ್ಗೆ ಮಾಹಿತಿ ಕೊಡಿ’ ಅಂತ ಬರೆದರೆ ಏನೂ ಬರುವುದಿಲ್ಲ. ಹೀಗೆ ಬರೆಯಿರಿ: ಇಂಥ ತಿಂಗಳ ದಿನವಹಿ ಲಾಗ್‌ಬುಕ್ ಪ್ರತಿ, ಒಳಹರಿವು, ಹೊರಹರಿವು ಎಂಎಲ್‌ಡಿ, ಎರಡೂ ಕಡೆಯ ಬಿಒಡಿ, ಟಿಎಸ್‌ಎಸ್ (ಒಟ್ಟು ತೇಲುಕಣ), ಬೈಪಾಸ್ ಮಾಡಿದ (ಸಂಸ್ಕರಿಸದೆ ಬಿಟ್ಟ) ದಿನ, ಗಂಟೆ, ಕಾರಣ. ಆರ್‌ಟಿಐನ 2(ಜೆ) ಪ್ರಕಾರ ಸ್ಥಳ ಪರಿಶೀಲನೆಗೂ ಕೇಳಬಹುದು.

ಅಲ್ಲಿನ ಅಂಕಿಯನ್ನು ಇಲ್ಲಿಯದರ ಪಕ್ಕ ಇಡುವಾಗ ಹುಷಾರು. ಅಮೆರಿಕದ ಬಿಒಡಿ 20 ಡಿಗ್ರಿಯಲ್ಲಿ 5 ದಿನದ ಪರೀಕ್ಷೆ, ನಮ್ಮದು 27 ಡಿಗ್ರಿಯಲ್ಲಿ 3 ದಿನ.

ಪಡುಗಡಲು:
ಲಾಗ್‌ಬುಕ್ ಬಂತು ಅಂದುಕೊಳ್ಳಿ, ಮೊದಲ ನೋಟಕ್ಕೆ ಏನು?

ಅಳತೆಗೋಲು:
ಸ್ಯಾಂಪಲ್ ತೆಗೆದ ಸಮಯದ ಕಾಲಂ. 24 ಗಂಟೆಯ ಕಾಂಪೋಸಿಟ್ (ದಿನವಿಡೀ ತೆಗೆದು ಬೆರೆಸಿದ ಸ್ಯಾಂಪಲ್) ಅಂತಿದ್ದರೆ ಸರಿ. ದಿನವೂ ಒಂದೇ ಬಾಟಲಿ, ಅದೂ ಬೆಳಗಿನ ಜಾವ 4ಕ್ಕೆ ಅಂತಿದ್ದರೆ ಅದು ಊರು ಮಲಗಿರುವ ಹೊತ್ತಿನ ತೆಳು ನೀರು. ಬೆಳಗಿನ ಸ್ನಾನ, ಪಾತ್ರೆ ತೊಳೆಯುವ ಹೊತ್ತಿನ ಕೊಳಚೆ ಪ್ಲಾಂಟ್ ಮುಟ್ಟುವ ಸಮಯದ ಬಾಟಲಿ ಎಲ್ಲಿ ಅಂತ ಕೇಳಿ.