ಸಹಾಯ ಬೇಕು: ಚಿಕಿತ್ಸೆಗೆಂದು ಗರ್ಭಕೋಶದೊಳಗೆ ಹಾಕಿದ ವಂಕಿಗೆ (ಐಯುಡಿ) ವಿಮೆ ಹಣ ಸಿಗುವುದಿಲ್ಲವೇ?

ಎಲ್ಲರಿಗೂ ನಮಸ್ಕಾರ. ನಾವು ಅಂಕೋಲಾದವರು. ನನ್ನ ತಂಗಿಗೆ ಎರಡು ವರ್ಷಗಳಿಂದ ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ. ಮಳೆಗಾಲದಲ್ಲಿ ಒಮ್ಮೆ ಕಾರವಾರದ ಬಸ್ಸಿನಲ್ಲಿ ಸೀಟಿನಿಂದ ಏಳಲಾಗದೆ, ನನ್ನ ದುಪಟ್ಟಾ ಸೊಂಟಕ್ಕೆ ಸುತ್ತಿಕೊಂಡು ಇಳಿದಳು. ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ವೈದ್ಯರು ಒಂದು ದಿನ ದಾಖಲಿಸಿಕೊಂಡು ಹಾರ್ಮೋನ್ ಇರುವ ವಂಕಿ ಹಾಕಿದರು. ಈಗ ಸ್ರಾವ ಹಿಡಿತಕ್ಕೆ ಬಂದಿದೆ.

ವಿಮಾ ಕಂಪನಿ ಮಾತ್ರ ಇದು ಗರ್ಭನಿರೋಧಕ ಎಂದು ಕ್ಲೇಮ್ ತಿರಸ್ಕರಿಸಿದೆ. ಪಾಲಿಸಿಯಲ್ಲಿ ಹಣ ಕೊಡದ ಚಿಕಿತ್ಸೆಗಳ ಪಟ್ಟಿಯ 17ನೇ ಸಂಕೇತದಲ್ಲಿ ಗರ್ಭನಿರೋಧಕ, ಸಂತಾನಹರಣ ಚಿಕಿತ್ಸೆ ಎರಡೂ ಇವೆ, ನಿಜ. ಆದರೆ ಅವಳಿಗೆ ಹಾಕಿದ್ದು ರಕ್ತಸ್ರಾವಕ್ಕಲ್ಲವೇ? ಅಷ್ಟಕ್ಕೂ ಹೆರಿಗೆಯ ಖರ್ಚು ಕೊಡುವ ನಮ್ಮ ಪಾಲಿಸಿ, ಗರ್ಭ ತಡೆಯುವ ಖರ್ಚನ್ನೂ ಕೊಡಬೇಕು ಎಂದೇ ನಾನು ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭ ತಡೆಯುವ ಕಾಪರ್-ಟಿ, ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ ಉಚಿತವೆಂದು ಆಶಾ ಕಾರ್ಯಕರ್ತೆ ಹೇಳಿದ್ದರು. ಕಾಪರ್-ಟಿಯಿಂದ ಇವಳ ಸ್ರಾವ ಇನ್ನೂ ಹೆಚ್ಚೀತು ಎಂದು ವೈದ್ಯರೇ ಬೇಡವೆಂದರು.

ಕಂಪನಿಗೆ ಲಿಖಿತ ದೂರು ಕೊಟ್ಟಿದ್ದೇವೆ. 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯುತ್ತೇವೆ. ಇಂಥದ್ದೇ ಕ್ಲೇಮ್ ಯಾರಿಗಾದರೂ ಮಂಜೂರಾಗಿದೆಯೇ? ವೈದ್ಯರ ಪತ್ರದಲ್ಲಿ ಏನೇನು ಬರೆಸಿಕೊಳ್ಳಬೇಕು? ಕುಮಟಾ, ಶಿರಸಿ ಕಡೆ ಇಂಥ ದೂರು ಬರೆದುಕೊಡುವವರು ಇದ್ದರೆ ದಯವಿಟ್ಟು ತಿಳಿಸಿ.