ಡ್ರಮ್ ಅಂಡ್ ಬ್ಯೂಗಲ್ ಕೋರ್: ಕನ್ನಡದಲ್ಲಿ ದಳ ಅನ್ನೋಣವೇ, ಮೇಳ ಅನ್ನೋಣವೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳೋಣ ಅಂತ ಹೊರಟಿದ್ದು, ಒಂದರ ಬಾಲ ಹಿಡಿದು ಇನ್ನೊಂದು ಬಂದು ಈಗ ನಾಲ್ಕೈದು ಪದಗಳಾಗಿವೆ. ಮೊದಲು ವಿಷಯ ಹೇಳಿಬಿಡುತ್ತೇನೆ. ಅಮೆರಿಕದ ಮರೀನ್ ಪಡೆಯ ಡ್ರಮ್ ಅಂಡ್ ಬ್ಯೂಗಲ್ ಕೋರ್ ಇಲ್ಲಿ ವಾಷಿಂಗ್ಟನ್ ಹತ್ತಿರದ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ ಕಾರ್ಯಕ್ರಮ ಕೊಟ್ಟಿತು. ಹೋಗಿದ್ದೆ. ಅದರ ಬಗ್ಗೆ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಬರೆಯಬೇಕು. ಓದುವವರಲ್ಲಿ ಊರಿಂದ ಬಂದಿರುವ ಅಪ್ಪ ಅಮ್ಮಂದಿರೂ ಇರುತ್ತಾರೆ. ಪ್ರತಿ ಪ್ಯಾರಾದಲ್ಲೂ ಆ ಉದ್ದದ ಇಂಗ್ಲಿಷ್ ಹೆಸರನ್ನೇ ಎಳೆದುಕೊಂಡು ಹೋಗಲು ಮನಸ್ಸಿಲ್ಲ. ಬಾಯಿಗೆ ಸಲೀಸಾಗಿ ಬರುವ ಒಂದು ಕನ್ನಡ ಹೆಸರು ಬೇಕು.

"ಸುಮ್ನೆ ಬ್ಯಾಂಡ್ ಅಂತ ಬರೆದುಬಿಡಿ, ಎಲ್ಲರಿಗೂ ಅರ್ಥ ಆಗುತ್ತೆ" ಅಂತ ಮನೆಯಲ್ಲೇ ಸಲಹೆ ಬಂತು. ತೊಂದರೆ ಇರುವುದೇ ಅಲ್ಲಿ. ಮರೀನ್ ಪಡೆಯಲ್ಲಿ ಎರಡು ಬೇರೆ ಬೇರೆ ತಂಡಗಳಿವೆ. ಒಂದು 1798ರಲ್ಲಿ ಶುರುವಾದ ಮರೀನ್ ಬ್ಯಾಂಡ್. ಶ್ವೇತಭವನದ ಸಮಾರಂಭಗಳಲ್ಲಿ ನುಡಿಸುವುದು ಅದು. ಅದರಲ್ಲಿ ಕ್ಲಾರಿನೆಟ್, ಕೊಳಲು, ಓಬೋ ಎಲ್ಲವೂ ಇವೆ. ಇನ್ನೊಂದು 1934ರಲ್ಲಿ ಹುಟ್ಟಿದ ಈ ಡ್ರಮ್ ಅಂಡ್ ಬ್ಯೂಗಲ್ ಕೋರ್. ಕೆಂಪು ಕೋಟು, ಬಿಳಿ ಪ್ಯಾಂಟು. ಇದರಲ್ಲಿ ಊದುವುದೆಲ್ಲ ಹಿತ್ತಾಳೆ ವಾದ್ಯ, ಉಳಿದದ್ದೆಲ್ಲ ಬಾರಿಸುವ ವಾದ್ಯ. ಕ್ಲಾರಿನೆಟ್, ಕೊಳಲು, ಸ್ಯಾಕ್ಸೋಫೋನ್‌ಗೆ ಇಲ್ಲಿ ಜಾಗವೇ ಇಲ್ಲ. ಎರಡಕ್ಕೂ ಬ್ಯಾಂಡ್ ಅಂದುಬಿಟ್ಟರೆ ಇದನ್ನು ಇದಾಗಿ ಮಾಡಿರುವ ಗುಣವೇ ಹೊರಟುಹೋಗುತ್ತದೆ. ಈ ಜನ ತಮ್ಮನ್ನು ಯಾರಾದರೂ ಬ್ಯಾಂಡ್ ಅಂದರೆ ತಕ್ಷಣ ತಿದ್ದುತ್ತಾರೆ, ಅದು ಸರಿಯೂ ಹೌದು.

ಮೊದಲು ಬರವಣಿಗೆಯ ವಿಷಯ ಮುಗಿಸೋಣ. ಕನ್ನಡದಲ್ಲಿ ಇದನ್ನು 'ಕಾರ್ಪ್ಸ್' ಅಂತ ಬರೆದಿರುವುದನ್ನು ಅಲ್ಲಲ್ಲಿ ನೋಡಿದ್ದೇನೆ. ಉಚ್ಚಾರಣೆ ಕೋರ್. ಕೊನೆಯ ಎರಡಕ್ಷರ ಬಾಯಲ್ಲಿ ಬರುವುದಿಲ್ಲ. ನಮ್ಮ ಎನ್‌ಸಿಸಿಯ ಕೊನೆಯ ಸಿ ಇದೇ ಪದ, ಅಲ್ಲಿ ಕಲಿತವರಿಗೆ ಇದು ಹೊಸದಲ್ಲ. ಹಾಗಂತ ಕನ್ನಡ ವಾಕ್ಯದ ನಡುವೆ 'ಕೋರ್' ಅಂತ ಒಂಟಿಯಾಗಿ ಬಿಟ್ಟರೆ ಓದುವವರು 'ಕೋರ್ ಕಮಿಟಿ'ಯ ಕೋರ್ ಅಂದುಕೊಳ್ಳುತ್ತಾರೆ. 'ಕೋರ್‌ನವರು ಬಂದರು' ಅಂದರೆ ಯಾರು ಬಂದರು? ಅದಕ್ಕೇ ಬೇರೆ ಪದ ಹುಡುಕುತ್ತಿರುವುದು.

ಇನ್ನು ಬ್ಯೂಗಲ್. ಕಹಳೆ ಅನ್ನಬಹುದಾ? ನನಗೆ ಅನ್ನಬಹುದು ಅನಿಸುತ್ತದೆ, ಆದರೆ ಎರಡು ಆಕ್ಷೇಪ ಬರುತ್ತವೆ. ಮೊದಲನೆಯದು, ಪತ್ರಿಕೆಗಳಲ್ಲಿ ಈಗ ಕಹಳೆ ಕಾಣಿಸಿಕೊಳ್ಳುವುದು ಹೆಚ್ಚಾಗಿ ರಾಜಕೀಯದ ಸುದ್ದಿಯಲ್ಲಿ. ಯಾರೋ ಒಬ್ಬರು ರಣಕಹಳೆ ಮೊಳಗಿಸಿದರು ಅಂದರೆ ಅಲ್ಲಿ ವಾದ್ಯವೂ ಇಲ್ಲ, ಊದುವವರೂ ಇಲ್ಲ. ಆದರೆ ಹಳೆ ಮೈಸೂರಿನ ಕಡೆ ಜಾತ್ರೆಗೋ ದೇವರ ಉತ್ಸವಕ್ಕೋ ಹೋದವರಿಗೆ ಕೊಂಬು ಕಹಳೆ ಅಂದರೆ ಇವತ್ತಿಗೂ ಕಣ್ಣೆದುರಿಗಿರುವ ವಸ್ತು. ಪದ ಸತ್ತಿಲ್ಲ.

ಎರಡನೆಯ ಆಕ್ಷೇಪಕ್ಕೆ ತೂಕ ಜಾಸ್ತಿ. ಕಹಳೆಗೆ ವಾಲ್ವ್, ಅಂದರೆ ಬೆರಳಿನಿಂದ ಒತ್ತಿ ಸ್ವರ ಬದಲಿಸುವ ಗುಂಡಿ, ಇಲ್ಲ. ಈಗಿನ ಡ್ರಮ್ ಕೋರ್‌ಗಳ ವಾದ್ಯಗಳಿಗೆ ಇದೆ. ವಾಲ್ವ್ ಇಲ್ಲದ ಬರೀ ಬ್ಯೂಗಲ್ ತಗೊಳ್ಳಿ. ಅದರಲ್ಲಿ ತುಟಿಯ ಬಿಗಿ ಬದಲಾಯಿಸಿ ತೆಗೆಯಬಹುದಾದ ಸ್ವರಗಳು ಬೆರಳೆಣಿಕೆ. ನಮ್ಮ ಲೆಕ್ಕದಲ್ಲಿ ಹೇಳಿದರೆ ಮಂದ್ರದ ಪ, ಆಮೇಲೆ ಸ, ಗ, ಪ. ಸೈನ್ಯದ ಬ್ಯೂಗಲ್ ಕರೆಗಳೆಲ್ಲ ಹೆಚ್ಚುಕಡಿಮೆ ಇಷ್ಟರಲ್ಲೇ ಮುಗಿಯುತ್ತವೆ. ಪೊಲೀಸ್ ಗೌರವದ ಅಂತ್ಯಕ್ರಿಯೆಯಲ್ಲಿ ಬ್ಯೂಗಲ್ ಕೇಳಿದವರು ನೆನಪು ಮಾಡಿಕೊಳ್ಳಿ, ಅಷ್ಟು ದುಃಖ ಹೇಳುವುದು ಅಷ್ಟೇ ಸ್ವರಗಳಲ್ಲಿ. ರಿ ಬೇಕು, ಮ ಬೇಕು ಅಂದರೆ ಆ ಕೊಳವೆಯಲ್ಲಿ ಸಿಗುವುದಿಲ್ಲ. ಮೊದಲನೇ ಮಹಾಯುದ್ಧದ ನಂತರ ಅಮೆರಿಕದ ಮಾಜಿ ಸೈನಿಕರ ಸಂಘಗಳು ಊರೂರಲ್ಲಿ ಡ್ರಮ್ ಮತ್ತು ಬ್ಯೂಗಲ್ ತಂಡಗಳನ್ನು ಕಟ್ಟಿದಾಗ ಕೈಯಲ್ಲಿದ್ದದ್ದು ಇಂಥವೇ ವಾದ್ಯಗಳು. ಆಮೇಲೆ ಒಂದು ವಾಲ್ವ್ ಬಂತು, ಎರಡು ಬಂತು. ಯುವಕರ ಡ್ರಮ್ ಕೋರ್ ಸ್ಪರ್ಧೆಗಳಲ್ಲಿ 1990ರಲ್ಲಿ ಮೂರನೆಯದಕ್ಕೂ ಒಪ್ಪಿಗೆ ಸಿಕ್ಕಿತು. 2000ದಿಂದ ಜಿ ಶ್ರುತಿಯೇ ಇರಬೇಕು ಅನ್ನುವ ನಿಯಮವೂ ಹೋಯಿತು. ಅಂದರೆ ಅಲ್ಲಿ ಈಗ ನುಡಿಸುವುದು ಹೆಚ್ಚಾಗಿ ಟ್ರಂಪೆಟ್, ಟ್ಯೂಬಾ ಜಾತಿಯ ವಾದ್ಯಗಳನ್ನು. ಹೆಸರಲ್ಲಿ ಮಾತ್ರ ಬ್ಯೂಗಲ್ ಉಳಿದಿದೆ. ಇಂಗ್ಲಿಷಿನವರೇ ವಾದ್ಯ ಬದಲಾದರೂ ಹಳೆಯ ಹೆಸರು ಬಿಟ್ಟಿಲ್ಲ ಅಂದಮೇಲೆ ನಾವು ಕಹಳೆ ಅನ್ನಲು ಹಿಂಜರಿಯಬೇಕಾಗಿಲ್ಲ ಅಲ್ವಾ?

ಮರೀನರ ಕಥೆ ಬೇರೆ. ಅವರು ನುಡಿಸುವುದು ಜಿ ಶ್ರುತಿಯ, ಎರಡು ವಾಲ್ವ್‌ನ ಬ್ಯೂಗಲ್. ಎರಡೇ ಇರುವುದರಿಂದ ಕೆಳಗಿನ ಸ್ಥಾಯಿಯಲ್ಲಿ ಕೆಲವು ಸ್ವರಗಳು ಸಿಗುವುದೇ ಇಲ್ಲ, ಮೇಲಕ್ಕೆ ಹೋದಂತೆ ಎಲ್ಲವೂ ಸಿಗುತ್ತವೆ. ಸಭಾಂಗಣದಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದೆ. ಅಷ್ಟು ಹತ್ತಿರದಿಂದ ನೋಡಿದರೆ ಬಲಗೈಯ ಎರಡೇ ಬೆರಳು ಕುಣಿಯುವುದು ಕಾಣುತ್ತದೆ. ಉಳಿದ ಕೆಲಸವೆಲ್ಲ ತುಟಿಯದು, ಉಸಿರಿನದು.

ಈ ಹಿತ್ತಾಳೆ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡದು ಕಾಂಟ್ರಾಬಾಸ್. ಅದನ್ನು ಮಡಿಲಲ್ಲಿ ಇಟ್ಟುಕೊಳ್ಳುವುದಿಲ್ಲ, ಹೆಗಲ ಮೇಲೆ ಹೊತ್ತುಕೊಳ್ಳುತ್ತಾರೆ. ಬಾಯಿ ನೇರ ಜನರ ಕಡೆಗೆ. ಮೈದಾನದಲ್ಲಿ ಅಷ್ಟು ದೂರಕ್ಕೆ ದನಿ ಮುಟ್ಟಬೇಕಲ್ಲ, ಅದಕ್ಕೆ ಹಾಗೆ ಮಾಡಿದ್ದು. ಅದನ್ನೇ ನಾಲ್ಕು ಗೋಡೆಯ ಒಳಗೆ ಊದಿದರೆ ಏನಾಗುತ್ತದೆ ಅಂತ ಕೇಳಿಯೇ ತಿಳಿಯಬೇಕು. ಎಲ್ಲರೂ ಒಟ್ಟಿಗೆ ವಾದ್ಯ ಎತ್ತಿ ಬಾಯಿಗಿಟ್ಟರು, ಒಂದು ಉಸಿರು ಎಳೆದದ್ದು ನಮಗೂ ಕೇಳಿಸಿತು, ಆಮೇಲೆ ಮೊದಲ ಸ್ವರ ಕಿವಿಗಿಂತ ಮುಂಚೆ ಎದೆಗೆ ಬಂದು ಬಿದ್ದಂತಾಯಿತು. ನನ್ನ ಪಕ್ಕದ ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು, ನಗುತ್ತಲೇ ಇದ್ದಳು. ಸೈಡ್ ಡ್ರಮ್ಮಿನವರು ಉರುಳಿಕೆ ಬಾರಿಸಿ ಥಟ್ಟನೆ ನಿಲ್ಲಿಸಿದಾಗ ಕೋಲು ನಿಂತ ಮೇಲೂ ಶಬ್ದ ಚಾವಣಿಯಲ್ಲಿ ಒಂದು ಕ್ಷಣ ಉಳಿಯಿತು. ಬಯಲಲ್ಲಿ ಇದು ಸಿಗುವುದಿಲ್ಲ. ಹಾಗೆಯೇ ಇಲ್ಲಿ ಸಣ್ಣಗೆ ನುಡಿಸಿದ್ದೂ ಕೇಳುತ್ತದೆ. ಮೆಲ್ಲೋಫೋನ್ ಅನ್ನುವ ಮಧ್ಯಮ ಸ್ಥಾಯಿಯ ಹಿತ್ತಾಳೆ ವಾದ್ಯ ಒಂದೇ ಮೆತ್ತಗೆ ಹಾಡಿದ ಭಾಗವಿತ್ತು, ಮೈದಾನದಲ್ಲಾದರೆ ಅದು ಗಾಳಿಪಾಲು.

ಆ ಕಾಂಟ್ರಾಬಾಸ್‌ಗೆ ನನ್ನ ಹತ್ತಿರ ಒಂದು ಪದ ಇದೆ: ಹೆಗ್ಗಾಳೆ. ಹಳೆಯ ಕಾವ್ಯಗಳ ಯುದ್ಧವರ್ಣನೆಯಲ್ಲಿ ಭೇರಿ, ನಿಸ್ಸಾಳಗಳ ಜೊತೆ ಬರುತ್ತದೆ. ಕಾಳೆ ಅಂದರೆ ಕಹಳೆಯೇ, ಹೆಗ್ಗಾಳೆ ಅಂದರೆ ದೊಡ್ಡ ಕಹಳೆ. ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ! ಒಂದು ಸಲ ವಿವರಿಸಿ ಮುಂದೆ ಬಳಸಿದರೆ ಓದುವವರು ಒಪ್ಪುತ್ತಾರೆ ಅಂತ ನನ್ನ ನಂಬಿಕೆ. ಡ್ರಮ್ಮಿಗೆ ಮಾತ್ರ ಡ್ರಮ್ ಅಂತಲೇ ಇಡುತ್ತೇನೆ. ಸೈಡ್ ಡ್ರಮ್, ಬಾಸ್ ಡ್ರಮ್ ಎರಡೂ ನಮ್ಮ ಶಾಲೆಗಳ ಮಾರ್ಚ್‌ಪಾಸ್ಟಿನಲ್ಲೇ ಕನ್ನಡ ಆಗಿಹೋಗಿವೆ. ನಗಾರಿ, ಭೇರಿ ಅಂತ ಹಾಕಿದರೆ ಬೇರೆಯೇ ವಾದ್ಯ ಕಣ್ಣಮುಂದೆ ಬರುತ್ತದೆ.

ಈಗ ಮುಖ್ಯ ಪ್ರಶ್ನೆ, ದಳವೋ ಮೇಳವೋ.

ದಳದ ಪರವಾಗಿ ಹೇಳುವುದು ಸುಲಭ. ಅಗ್ನಿಶಾಮಕ ದಳ, ಶ್ವಾನದಳ ಇವೆ. ಸ್ವಾತಂತ್ರ್ಯ ಹೋರಾಟಗಾರ ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದೂಸ್ತಾನಿ ಸೇವಾದಳ ಇತ್ತು. ಸಮವಸ್ತ್ರ, ಶಿಸ್ತು, ಹೆಜ್ಜೆ ಹಾಕುವುದು ಎಲ್ಲ ಆ ಪದದಲ್ಲೇ ಇದೆ. ಮರೀನರು ನಿಜವಾದ ಸೈನಿಕರು, ಅವರಿಗೆ 'ಡ್ರಮ್-ಕಹಳೆ ದಳ' ಚೆನ್ನಾಗಿಯೇ ಒಪ್ಪುತ್ತದೆ.

ಆದರೆ ಲೇಖನದಲ್ಲಿ ಯುವಕರ ಡ್ರಮ್ ಕೋರ್‌ಗಳ ಬಗ್ಗೆಯೂ ಬರೆಯಬೇಕು, ಏಕೆಂದರೆ ಅಮೆರಿಕದಲ್ಲಿ ಜನ ಹುಚ್ಚು ಹಿಡಿದಂತೆ ಹಿಂಬಾಲಿಸುವುದು ಅವರನ್ನು. ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಅನ್ನುವ ಸಂಸ್ಥೆ 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್ ಅನ್ನುವ ಊರಲ್ಲಿ ಮೊದಲ ಚಾಂಪಿಯನ್‌ಶಿಪ್ ನಡೆಸಿತು. ಈಗ ಫೈನಲ್ ನಡೆಯುವುದು ಇಂಡಿಯಾನಾಪೊಲಿಸ್‌ನ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ವಯಸ್ಸು 22 ದಾಟುವಂತಿಲ್ಲ. ಇವರು ಸೈನಿಕರಲ್ಲ, ಕಾಲೇಜು ಹುಡುಗರು, ಹುಡುಗಿಯರು. ಬೇಸಿಗೆ ಪೂರ್ತಿ ಬಸ್ಸಿನಲ್ಲಿ ಊರಿಂದ ಊರಿಗೆ. ಶಾಲೆಗಳ ಜಿಮ್ ನೆಲದ ಮೇಲೆ ಹಾಸಿಗೆ ಬಿಚ್ಚಿ ಮಲಗುತ್ತಾರೆ. ಅಡುಗೆಯ ಲಾರಿ ಜೊತೆಗೇ ಬರುತ್ತದೆ. ಹಗಲೆಲ್ಲ ಅಭ್ಯಾಸ, ಸಂಜೆ ಪ್ರದರ್ಶನ, ರಾತ್ರಿ ಮತ್ತೆ ಪ್ರಯಾಣ.

ಇದನ್ನು ಓದುತ್ತಿರುವ ಕರಾವಳಿಯವರಿಗೆ ಏನು ನೆನಪಾಗಬೇಕೋ ಅದು ಆಗಿಯೇ ಇರುತ್ತದೆ. ಇದು ಯಕ್ಷಗಾನ ಮೇಳದ ತಿರುಗಾಟವೇ. ಮೇಳಗಳು ದೀಪಾವಳಿ ಕಳೆದ ಮೇಲೆ ಹೊರಟು ಮಳೆಗಾಲಕ್ಕೆ ಮುಂಚೆ ಗೆಜ್ಜೆ ಬಿಚ್ಚುತ್ತವೆ, ಇವರು ಜೂನಿನಲ್ಲಿ ಹೊರಟು ಆಗಸ್ಟಿನಲ್ಲಿ ಮುಗಿಸುತ್ತಾರೆ. ಅಷ್ಟೇ ವ್ಯತ್ಯಾಸ. ಅಭಿಮಾನಿಗಳು 'ನಮ್ಮ ಮೇಳ' ಅಂತ ಪಕ್ಷ ಕಟ್ಟುವುದೂ ಹಾಗೆಯೇ. ಮೈದಾನದ ಪ್ರದರ್ಶನದಲ್ಲಿ ಬಾವುಟ, ಕೋವಿ, ಕತ್ತಿ ಹಿಡಿದು ಕುಣಿಯುವ ಕಲರ್ ಗಾರ್ಡ್ ಅಂತ ಒಂದು ಗುಂಪಿದೆ. ಅವರು ಮುಮ್ಮೇಳ, ಊದುವವರೂ ಬಾರಿಸುವವರೂ ಹಿಮ್ಮೇಳ ಅಂದರೆ ಅರ್ಧ ವಿವರಣೆ ಅಲ್ಲೇ ಮುಗಿಯಿತು. ಹಿಮ್ಮೇಳವೂ ಹೆಜ್ಜೆ ಹಾಕುತ್ತದೆ ಅನ್ನುವುದೊಂದನ್ನು ಸೇರಿಸಬೇಕು. ವಾದ್ಯದವರಿಗೆ ಮೇಳ ಅನ್ನುವುದು ಹೊಸತೂ ಅಲ್ಲ. ಮೈಸೂರು ದಸರಾದಲ್ಲಿ ಅರಮನೆ ಮುಂದೆ ಪೊಲೀಸ್ ಬ್ಯಾಂಡುಗಳು ಒಟ್ಟಾಗಿ ನುಡಿಸುವುದಕ್ಕೆ ಸಮೂಹ ವಾದ್ಯಮೇಳ ಅಂತಲೇ ಹೆಸರು.

ನನ್ನ ಒಲವು ಮೇಳದ ಕಡೆಗಿದೆ ಅಂತ ನಿಮಗೆ ಗೊತ್ತಾಗಿರಬೇಕು. ಒಂದೇ ಹೆದರಿಕೆ ಅಂದರೆ ಈಗಿನ ಮೇಳಗಳು. ಉದ್ಯೋಗ ಮೇಳ, ಕೃಷಿ ಮೇಳ, ಪುಸ್ತಕ ಮೇಳ, ಸಾಲ ಮೇಳ. 'ಡ್ರಮ್ ಮೇಳಕ್ಕೆ ಹೋಗಿದ್ದೆ' ಅಂದರೆ ನೀರು ತುಂಬುವ ಪ್ಲಾಸ್ಟಿಕ್ ಡ್ರಮ್ ಅಗ್ಗಕ್ಕೆ ಸಿಗುವ ಕಡೆ ಹೋಗಿದ್ದರು ಅಂದುಕೊಳ್ಳುವ ಅಪಾಯ ನಿಜವಾಗಿಯೂ ಇದೆ. ಅದಕ್ಕೆ ಕಹಳೆಯನ್ನು ಮುಂದೆ ತಂದು 'ಕಹಳೆ ಮೇಳ' ಅನ್ನೋಣ ಅಂತ ಯೋಚನೆ. ಪೂರ್ತಿ ಹೇಳಬೇಕಾದ ಕಡೆ 'ಕಹಳೆ-ಡ್ರಮ್ ಮೇಳ'. ಸೈನ್ಯದ್ದಾದರೆ ದಳ, ಊರೂರು ತಿರುಗುವ ಯುವಕರದ್ದಾದರೆ ಮೇಳ ಅಂತ ಎರಡು ಪದ ಇಟ್ಟುಕೊಂಡರೆ ಗೊಂದಲ ಆಗುತ್ತದಾ?

ಇನ್ನುಳಿದದ್ದು ಒಳಗಡೆ ನಡೆಯುವ ಕಾರ್ಯಕ್ರಮಕ್ಕೆ ಏನನ್ನುವುದು ಅನ್ನುವುದು. 'ಒಳಾಂಗಣ ಕಚೇರಿ' ಅಂತ ಬರೆದು ಹೊಡೆದುಹಾಕಿದೆ. ಒಳಾಂಗಣ ಅಂದಕೂಡಲೇ ಶಟಲ್ ಆಡುವ ಕ್ರೀಡಾಂಗಣ ನೆನಪಾಗುತ್ತದೆ, ಇಲ್ಲವೇ ಮನೆಯ ಒಳಾಂಗಣ ವಿನ್ಯಾಸ. ನಮ್ಮ ಸಂಗೀತ ಕಚೇರಿ ನಡೆಯುವುದು ಸಭಾಂಗಣದಲ್ಲೋ ಚಪ್ಪರದಲ್ಲೋ, ಆದ್ದರಿಂದ ಕಚೇರಿಗೆ 'ಒಳಗಿನ' ಅಂತ ವಿಶೇಷಣ ಬೇಕಾಗಿಯೇ ಇರಲಿಲ್ಲ. ಡ್ರಮ್ ಕೋರ್‌ಗೆ ಬಯಲೇ ಮನೆ, ಒಳಗೆ ಬಂದರೆ ಮಾತ್ರ ಹೇಳಬೇಕಾಗುತ್ತದೆ. ಕಚೇರಿ ಅಂದರೆ ಕೂತು ಹಾಡುವ ನುಡಿಸುವ ಚಿತ್ರವೂ ಬರುತ್ತದೆ, ಇವರು ಉದ್ದಕ್ಕೂ ನಿಂತೇ ನುಡಿಸಿದರು. ಆದರೂ ಕಚೇರಿಯೇ ಸರಿ ಅನಿಸುತ್ತದೆ ನನಗೆ. ಅಲ್ಲಿ ಮೈದಾನದ ಹೆಜ್ಜೆಗಾರಿಕೆ ಇಲ್ಲ, ಬಾವುಟ ಇಲ್ಲ, ಕೇಳುವುದೇ ಮುಖ್ಯ. 'ಸಭಾಂಗಣದಲ್ಲಿ ಕಹಳೆ ಕಚೇರಿ' ಅಂತ ಶೀರ್ಷಿಕೆ ಕೊಟ್ಟರೆ ಹೇಗೆ?

ಸಣ್ಣ ಗುಂಪುಗಳೂ ಇವೆ, ಹತ್ತಿಪ್ಪತ್ತು ಜನರ ಮಿನಿ ಕೋರ್‌ಗಳು, ಒಳಗಡೆಯ ವೇದಿಕೆಗಳಲ್ಲಿ ನುಡಿಸುವಂಥವು. ಇದಕ್ಕಂತೂ ಪದ ಸಿದ್ಧವಾಗಿಯೇ ಇದೆ. ಮಳೆಗಾಲದಲ್ಲಿ ಮನೆಮನೆಗೆ ಬಂದು ಚಾವಡಿಯಲ್ಲಿ ಪ್ರಸಂಗದ ಒಂದು ತುಣುಕು ಆಡಿ ಹೋಗುವ ಯಕ್ಷಗಾನ ತಂಡಕ್ಕೆ ಚಿಕ್ಕಮೇಳ ಅನ್ನುತ್ತಾರಲ್ಲ, ಅದೇ.

ಕ್ರಿಯಾಪದದ ಬಗ್ಗೆಯೂ ಒಂದು ಮಾತು, ಇದು ಸಂಘದ ಪತ್ರಿಕೆ ತಿದ್ದುವಾಗಲೆಲ್ಲ ಎದುರಾಗುತ್ತದೆ. 'ಕಚೇರಿಯಲ್ಲಿ ಭಾಗವಹಿಸಿದೆ' ಅಂತ ಬರೆಯುತ್ತಾರೆ. ಭಾಗವಹಿಸಿದೆ ಅಂದರೆ ನಾನೂ ವೇದಿಕೆ ಹತ್ತಿ ಊದಿದೆ ಅಂತ ಆಗುತ್ತದೆ. 'ಹಾಜರಾದೆ' ಕೋರ್ಟಿಗೆ, ಶಾಲೆಗೆ. 'ಕಚೇರಿಗೆ ಹೋಗಿದ್ದೆ', 'ಕಚೇರಿ ಕೇಳಿದೆ' ಇಷ್ಟು ಸಾಕು. ಮೈದಾನದ ಪ್ರದರ್ಶನಕ್ಕೆ 'ನೋಡಿದೆ' ಅಂತಲೇ ಬರೆಯುತ್ತೇನೆ, ಆಟ ನೋಡಿದೆ ಅನ್ನುವ ಹಾಗೆ.

ಕರಾವಳಿಯ ಕಡೆಯವರನ್ನು ಮುಖ್ಯವಾಗಿ ಕೇಳಬೇಕಿರುವುದು ಇದು: ಮೇಳ, ತಿರುಗಾಟ, ಚಿಕ್ಕಮೇಳ ಈ ಪದಗಳನ್ನು ಯಕ್ಷಗಾನದಿಂದ ಎತ್ತಿ ಅಮೆರಿಕದ ಕಹಳೆಯವರಿಗೆ ಕೊಟ್ಟರೆ ನಿಮ್ಮ ಕಿವಿಗೆ ಕಸಿವಿಸಿ ಆಗುತ್ತದೆಯೇ? ದೇವರ ಹೆಸರಲ್ಲಿ ಹರಕೆಯಾಟ ಆಡುವ ಮೇಳಗಳೂ ಇರುವುದರಿಂದ ಕೇಳುತ್ತಿದ್ದೇನೆ. ಶಾಲಾ ಬ್ಯಾಂಡ್ ಕಲಿಸಿದ ದೈಹಿಕ ಶಿಕ್ಷಕರು ಯಾರಾದರೂ ಇದ್ದರೆ ಬ್ಯೂಗಲ್ ಊದುವ ಹುಡುಗನನ್ನು ನಿಮ್ಮ ಕಡೆ ಏನಂತ ಕರೆಯುತ್ತಿದ್ದಿರಿ ಅಂತ ತಿಳಿಸಿ. 'ಕಹಳೆಗಾರ' ಅಂತ ಸದ್ಯಕ್ಕೆ ಬರೆದಿದ್ದೇನೆ. ಲೇಖನ ಈ ತಿಂಗಳ ಕೊನೆಗೆ ಕೊಡಬೇಕು, ಅಷ್ಟರೊಳಗೆ ಯಾವುದಾದರೂ ಪದ ಹೊಳೆದರೆ ಬರೆಯಿರಿ.